ಅರವತ್ತರ ಒಳಗಿದ್ದರೆ ಕ್ಷೇಮವೆ? ಒಲೆಯ ಹೊಗೆಯನ್ನು ಕುರಿತ ಒಂದು ಸಂಶೋಧನೆಯ ವಿಮರ್ಶೆ

ಸುತ್ತೂರಿನಲ್ಲಿ ಪ್ರೌಢಶಾಲಾ ವಿಜ್ಞಾನ ಶಿಕ್ಷಕರೊಡನೆ ಅಳತೆ ಮತ್ತು ಅಳತೆಯ ದೋಷಗಳ ಬಗೆಗೆ ಮಾತನಾಡಿ ಮುಗಿಸಿದ್ದೆ. ಕಾಫಿ ವಿರಾಮದಲ್ಲಿ ತಿ. ನರಸೀಪುರ ತಾಲ್ಲೂಕಿನ ಶಿಕ್ಷಕಿಯೊಬ್ಬರು ಒಂದು ಚೀಟಿ ಹಿಡಿದು ಬಂದರು. ಅದರಲ್ಲಿ 2 × 29 = 58 ಎಂದು ಬರೆದಿತ್ತು. “ಸಾರ್, ಇದು ನಮ್ಮವ್ವನ ಲೆಕ್ಕ. ದಿನಕ್ಕೆ ಎರಡು ಗಂಟೆ ಸೌದೆ ಒಲೆ ಮುಂದೆ ಇರ್ತಾರೆ, ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ. ಅರವತ್ತು ದಾಟಿದರೆ ಮಾತ್ರ ಕೆಮ್ಮಿನ ಕಾಯಿಲೆ ಬರುತ್ತೆ ಅಂತ ಓದಿದೆ. ಅವ್ವ ಅರವತ್ತರ ಒಳಗಿದ್ದಾರಲ್ಲ, ಪರವಾಗಿಲ್ಲ ತಾನೆ?” ಎಂದು ಕೇಳಿದರು.

ನಾನು ವೈದ್ಯನಲ್ಲ, ಅವರ ತಾಯಿಯ ಎದೆಯ ಬಗ್ಗೆ ಹೇಳುವ ಅಧಿಕಾರ ನನಗಿಲ್ಲ. ಆದರೆ ಆ ಚೀಟಿಯ ಮೇಲಿದ್ದುದು ಒಂದು ಗುಣಾಕಾರ. ಗುಣಿಸಿದ ರಾಶಿಗಳು ಯಾವುವು, ಅವುಗಳ ಏಕಮಾನವೇನು, ಎಷ್ಟು ಖಚಿತವಾಗಿ ಅಳೆದದ್ದು, 60 ಎಂಬ ಗಡಿ ಎಲ್ಲಿಂದ ಬಂತು ಎಂದು ಕೇಳುವುದು ಭೌತಶಾಸ್ತ್ರದವನ ಕೆಲಸವೇ. ಈ ಬರಹ ಆ ಪ್ರಶ್ನೆಗಳನ್ನು ಕುರಿತದ್ದು.

ಅರವತ್ತು ಎಂಬ ಸಂಖ್ಯೆ ನಮ್ಮ ಜಿಲ್ಲೆಯದೇ. ಸುತ್ತೂರು ಮಠದ ಆಶ್ರಯದಲ್ಲಿ 1954ರಲ್ಲಿ ಆರಂಭವಾದ ಜೆಎಸ್ಎಸ್ ಮಹಾವಿದ್ಯಾಪೀಠವು 1984ರಲ್ಲಿ ಮೈಸೂರಿನಲ್ಲಿ ವೈದ್ಯಕೀಯ ಕಾಲೇಜನ್ನು ತೆರೆಯಿತು. ಈ ಕಾಲೇಜಿನ ಶ್ವಾಸಕೋಶ ತಜ್ಞ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು 2013ರಲ್ಲಿ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರಲ್ಲಿ ದೀರ್ಘಕಾಲೀನ ಬ್ರಾಂಕೈಟಿಸ್ ಬರಲು ಜೈವಿಕ ಇಂಧನದ ಹೊಗೆಗೆ ಎಷ್ಟು ಒಡ್ಡಿಕೊಂಡಿರಬೇಕು ಎಂಬುದು ಅದರ ವಿಷಯ. ದಿನಕ್ಕೆ ಅಡುಗೆಗೆ ತಗಲುವ ಗಂಟೆಗಳನ್ನು ಅಡುಗೆ ಮಾಡಿದ ವರ್ಷಗಳಿಂದ ಗುಣಿಸಿದರೆ ಬರುವ ಸೂಚ್ಯಂಕ ಕನಿಷ್ಠ 60 ಇದ್ದಾಗ ಅಪಾಯ ಗಣನೀಯವಾಗುತ್ತದೆ ಎಂಬುದು ತೀರ್ಮಾನ.

ಈ ಕೆಲಸವನ್ನು ನಾನು ಗೌರವದಿಂದ ನೋಡುತ್ತೇನೆ. ಏಕೆ ಎಂಬುದನ್ನು ಮೊದಲು ಹೇಳುತ್ತೇನೆ, ಆಮೇಲೆ ತಕರಾರು.

ವಾರ್ಡಿನಿಂದ ಹಳ್ಳಿಗೆ

ಬೋಧನಾ ಆಸ್ಪತ್ರೆಯಲ್ಲಿ ಸಂಶೋಧನೆ ಸಾಮಾನ್ಯವಾಗಿ ಒಬ್ಬ ರೋಗಿಯಿಂದ ಆರಂಭವಾಗುತ್ತದೆ. ಪುಸ್ತಕದಲ್ಲಿರುವುದಕ್ಕೆ ಹೊಂದದ ರೋಗಿ ಬಂದಾಗ ಒಳ್ಳೆಯ ವೈದ್ಯ ಅದನ್ನು ಬರೆದಿಡುತ್ತಾನೆ. ಒಲೆಯ ಹೊಗೆಯ ವಿಷಯದಲ್ಲಿ ಇದಕ್ಕೆ ಶ್ರೇಷ್ಠ ನಿದರ್ಶನ ದೆಹಲಿಯದು. ಹೃದ್ರೋಗ ತಜ್ಞೆ ಎಸ್. ಪದ್ಮಾವತಿ ಮತ್ತು ಅವರ ಸಹೋದ್ಯೋಗಿ ಪಾಠಕ್ 1959ರಲ್ಲಿ ‘ಸರ್ಕ್ಯುಲೇಶನ್’ ಪತ್ರಿಕೆಯಲ್ಲಿ 127 ರೋಗಿಗಳ ವಿವರ ಪ್ರಕಟಿಸಿದರು. ಶ್ವಾಸಕೋಶ ಹಾಳಾದ ಕಾರಣ ಹೃದಯದ ಬಲಭಾಗ ಸೋತ ರೋಗಿಗಳು ಅವರು. ಈ ಕಾಯಿಲೆ ಧೂಮಪಾನಿ ಗಂಡಸರದು ಎಂಬ ನಂಬಿಕೆಯಿದ್ದ ಕಾಲದಲ್ಲಿ ಬೀಡಿ ಸಿಗರೇಟು ಮುಟ್ಟದ ಹೆಂಗಸರೂ ಅವರಲ್ಲಿದ್ದರು. ಅಡುಗೆಮನೆಯ ಹೊಗೆಯತ್ತ ಬೆರಳು ತೋರಿದವರಲ್ಲಿ ಅವರು ಮೊದಲಿಗರ ಸಾಲಿನವರು.

ಆದರೆ ವಾರ್ಡಿನ ಪಟ್ಟಿಗೆ ಒಂದು ಮಿತಿಯುಂಟು. ಆಸ್ಪತ್ರೆಗೆ ಬಂದವರು ಮಾತ್ರ ಅದರಲ್ಲಿರುತ್ತಾರೆ. ಕೆಮ್ಮಿಗೆ ಕಷಾಯ ಕುಡಿದು ಮನೆಯಲ್ಲೇ ಉಳಿದವರು, ಬಸ್ ಚಾರ್ಜಿಗೆ ಹಿಂಜರಿದವರು, ಹೊಗೆ ಕುಡಿದೂ ಆರೋಗ್ಯವಾಗಿರುವವರು ಅಲ್ಲಿಲ್ಲ. ಒಂದೇ ಆಸ್ಪತ್ರೆಯ ರೋಗಿಗಳನ್ನು ನೋಡಿ ಎರಡು ಸಂಗತಿಗಳ ನಡುವೆ ನಂಟು ಕಂಡಿತೆನ್ನುವುದು ಎಷ್ಟು ಮೋಸದ್ದಾಗಬಹುದು ಎಂಬುದನ್ನು ಜೋಸೆಫ್ ಬರ್ಕ್ಸನ್ 1946ರಲ್ಲೇ ಗಣಿತದಿಂದ ತೋರಿಸಿದ್ದಾರೆ. ಪ್ರಶ್ನೆ ಹುಟ್ಟುವುದು ವಾರ್ಡಿನಲ್ಲಿ. ಎಷ್ಟು ಮಂದಿಗೆ, ಎಷ್ಟು ಹೊಗೆಯಿಂದ ಎಂಬ ಉತ್ತರ ಸಿಗಬೇಕಾದರೆ ಹಳ್ಳಿಗೇ ಹೋಗಬೇಕು.

ಮೈಸೂರಿನ ತಂಡ ಹೋಗಿದೆ. 2009ರಲ್ಲಿ ‘ಲಂಗ್ ಇಂಡಿಯಾ’ ಪತ್ರಿಕೆಯಲ್ಲಿ ಪ್ರಕಟವಾದ ಅವರ ಪ್ರಾಯೋಗಿಕ ಅಧ್ಯಯನದ ಉದ್ದೇಶವೇ ಪ್ರಶ್ನಾವಳಿಯನ್ನು ಪರೀಕ್ಷಿಸುವುದಾಗಿತ್ತು. ಅಂದರೆ ಅಳೆಯುವ ಮೊದಲು ಅಳತೆಗೋಲನ್ನು ಪರೀಕ್ಷಿಸಿದರು. ನಮ್ಮ ಪದವಿ ಪ್ರಯೋಗಾಲಯಗಳಲ್ಲೇ ವರ್ನಿಯರ್‌ನ ಶೂನ್ಯ ದೋಷ ನೋಡದೆ ರೀಡಿಂಗ್ ಬರೆಯುವವರು ಬೇಕಾದಷ್ಟು ಮಂದಿ ಇರುವಾಗ ಇದನ್ನು ಮೆಚ್ಚಲೇಬೇಕು. ಮುಂದೆ ಇದೇ ತಂಡ ಜಿಲ್ಲೆಯ ಹದಿನಾರು ಹಳ್ಳಿಗಳ ಎಂಟು ಸಾವಿರಕ್ಕೂ ಹೆಚ್ಚು ವಯಸ್ಕರ ವಿವರ ಸಂಗ್ರಹಿಸಿ, ‘ಮುದ್ರಾ’ ಎಂಬ ಹೆಸರಿನಲ್ಲಿ 2018ರಲ್ಲಿ ಅದರ ಪರಿಚಯವನ್ನು ಪ್ರಕಟಿಸಿತು. ಸುತ್ತೂರಿನಲ್ಲಿ ಈ ಕಾಲೇಜಿನ ಸಮುದಾಯ ವೈದ್ಯಕೀಯ ವಿಭಾಗದ ಗ್ರಾಮೀಣ ತರಬೇತಿ ಕೇಂದ್ರವೂ ಇದೆ. ಹಳ್ಳಿಯನ್ನೇ ಪ್ರಯೋಗಾಲಯ ಮಾಡಿಕೊಳ್ಳುವ ಈ ಪದ್ಧತಿ ನಮ್ಮ ಎಷ್ಟೋ ಕಾಲೇಜುಗಳಿಗೆ ಮಾದರಿ.

ಗುಣಿಸಿದ್ದು ಏನನ್ನು?

ಈಗ ಸೂಚ್ಯಂಕಕ್ಕೆ ಬರೋಣ. ಗಂಟೆಯನ್ನು ವರ್ಷದಿಂದ ಗುಣಿಸಿದರೆ ಬರುವ ಏಕಮಾನ ‘ಗಂಟೆ-ವರ್ಷ’. ಮೆಕ್ಸಿಕೊದ ಸಂಶೋಧಕರು 1996ರಲ್ಲಿ ಇಂಥದೇ ಅಳತೆಯನ್ನು ಬಳಸಿದ್ದರು. ಸಿಗರೇಟಿನ ವಿಷಯದಲ್ಲಿ ವೈದ್ಯರು ಬಳಸುವ ‘ಪ್ಯಾಕ್-ವರ್ಷ’ವೂ ಇದೇ ಜಾತಿಯದು. ದಿನಕ್ಕೆ ಒಂದು ಗಂಟೆಯಂತೆ ಒಂದು ವರ್ಷವೆಂದರೆ 365 ಗಂಟೆ. ಹಾಗಾಗಿ 60 ಎಂದರೆ 21,900 ಗಂಟೆ. ಹಗಲಿರುಳೆನ್ನದೆ ಹೊಗೆಯ ಕೋಣೆಯಲ್ಲಿ ಎರಡೂವರೆ ವರ್ಷ ಕೂತಂತೆ. ತರಗತಿಯಲ್ಲಿ ಹೀಗೆ ಬಿಡಿಸಿ ಹೇಳಿದಾಗಲೇ ಆ ಸಂಖ್ಯೆಯ ಭಾರ ತಿಳಿಯುವುದು.

ಇನ್ನೊಂದು ಗೊಂದಲವನ್ನು ಇಲ್ಲೇ ನಿವಾರಿಸಬೇಕು. ಹೊರಗಿನ ಗಾಳಿಯಲ್ಲಿ ಪಿಎಂ 2.5 ಕಣಗಳ 24 ಗಂಟೆಯ ಸರಾಸರಿ ಘನ ಮೀಟರಿಗೆ 60 ಮೈಕ್ರೊಗ್ರಾಂ ಮೀರಬಾರದೆಂಬುದು ಭಾರತದ 2009ರ ಮಾನದಂಡ. ಆ 60ಕ್ಕೂ ಈ 60ಕ್ಕೂ ಸಂಬಂಧವಿಲ್ಲ. ಅದು ಗಾಳಿಯಲ್ಲಿರುವ ಕಣಗಳ ಸಾರತೆ, ಇದು ಕಾಲ. ಏಕಮಾನ ಬರೆಯದೆ ಬರಿಯ ಅಂಕಿ ಹೇಳುವ ಚಾಳಿಯಿಂದ ಇಂಥ ಬೆರಕೆ ಆಗುತ್ತದೆ.

ಈ ಸೂಚ್ಯಂಕದಲ್ಲಿ ಹೊಗೆ ಎಂಬುದೇ ಇಲ್ಲ ಎಂಬುದನ್ನು ಓದುಗರು ಗಮನಿಸಿರಬಹುದು. ಇರುವುದು ಕಾಲ ಮಾತ್ರ. ಡೋಸು ಗೊತ್ತಾಗಬೇಕಾದರೆ ಸಾರತೆಯನ್ನು ಕಾಲದಿಂದ ಗುಣಿಸಬೇಕು. ಸಾರತೆ ಎಲ್ಲ ಅಡುಗೆಮನೆಗಳಲ್ಲೂ ಒಂದೇ ಎಂದು ಭಾವಿಸಿದರೆ ಮಾತ್ರ ಕಾಲವೊಂದೇ ಸಾಕು. ಅದು ಒಂದೇ ಇರುವುದಿಲ್ಲ ಎಂದು ಹೇಳಲು ಉಪಕರಣ ಬೇಕಿಲ್ಲ. ನಂಜನಗೂಡಿನ ಕಡೆಯ ಹಳೆಯ ನಾಡಹೆಂಚಿನ ಮನೆಯಲ್ಲಿ ಹೊಗೆ ಹೆಂಚಿನ ಸಂದಿಯಿಂದ ಹೊರಟುಹೋಗುತ್ತದೆ. ಅದೇ ಒಲೆಯನ್ನು ಆರ್‌ಸಿಸಿ ಮಾಡಿನ ಹೊಸ ಕೋಣೆಯಲ್ಲಿ ಹೂಡಿದರೆ ಹೊಗೆ ಹೋಗಲು ದಾರಿಯಿಲ್ಲ. ಮನೆ ‘ಸುಧಾರಿಸಿದ’ ಮೇಲೆ ಹೊಗೆ ಹೆಚ್ಚಾದ ಮನೆಗಳನ್ನು ನಾನೇ ಕಂಡಿದ್ದೇನೆ. ಒಣಗಿದ ಜಾಲಿ ಸೌದೆ, ಮಳೆಗಾಲದ ಹಸಿ ಸೌದೆ, ಹತ್ತಿ ಕಡ್ಡಿ, ತೆಂಗಿನ ಗರಿ, ಬೆರಣಿ ಒಂದೊಂದರ ಹೊಗೆಯೂ ಬೇರೆ. ಊದುಕೊಳವೆ ಹಿಡಿದು ಒಲೆಯ ಬಾಯಿಗೆ ಬಗ್ಗಿದವಳು ಹೊಗೆಯನ್ನು ನೇರವಾಗಿ ಸೇವಿಸುತ್ತಾಳೆ. ಬಾಗಿಲಲ್ಲಿ ಕೂತು ಅಕ್ಕಿ ಆರಿಸುವವಳಿಗೆ ಅದರ ಒಂದಂಶ ಮಾತ್ರ. ಇಬ್ಬರ ಗಂಟೆಯೂ ಒಂದೇ ಗಂಟೆ ಎಂದು ಸೂಚ್ಯಂಕ ಎಣಿಸುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆಯೊಂದಿದೆ. ದಿನಕ್ಕೆ 2 ಗಂಟೆಯಂತೆ 30 ವರ್ಷ, 6 ಗಂಟೆಯಂತೆ 10 ವರ್ಷ ಇವೆರಡರ ಗುಣಲಬ್ಧವೂ 60. ಶ್ವಾಸಕೋಶಕ್ಕೆ ಇವೆರಡೂ ಒಂದೇ ಏನು? ಛಾಯಾಗ್ರಹಣದಲ್ಲಿ ಇದಕ್ಕೆ ಸಮಾನಾಂತರವಾದ ಕಥೆಯಿದೆ. ಬೆಳಕಿನ ತೀವ್ರತೆ ಮತ್ತು ಕಾಲಗಳ ಗುಣಲಬ್ಧ ಒಂದೇ ಆದರೆ ಪರಿಣಾಮವೂ ಒಂದೇ ಎಂದು ಬುನ್ಸೆನ್ ಮತ್ತು ರಾಸ್ಕೊ ಹತ್ತೊಂಬತ್ತನೆಯ ಶತಮಾನದಲ್ಲಿ ಹೇಳಿದರು. ಮಂದ ನಕ್ಷತ್ರಗಳ ಚಿತ್ರ ತೆಗೆಯಹೊರಟ ಕಾರ್ಲ್ ಶ್ವಾರ್ಜ್‌ಶೀಲ್ಡ್ (ಕಪ್ಪುಕುಳಿಯ ತ್ರಿಜ್ಯದಿಂದ ನಮಗೆ ಪರಿಚಿತರಾದವರೇ) ಈ ನಿಯಮ ಮುರಿಯುವುದನ್ನು ಕಂಡರು. ಮಂದ ಬೆಳಕಿಗೆ ಲೆಕ್ಕಕ್ಕಿಂತ ಹೆಚ್ಚು ಕಾಲ ಬೇಕಾಗುತ್ತಿತ್ತು. ಜೀವವಿಲ್ಲದ ಬೆಳ್ಳಿಯ ಲವಣವೇ ಗುಣಾಕಾರಕ್ಕೆ ಒಪ್ಪದಿರುವಾಗ ತನ್ನನ್ನು ತಾನು ಶುಚಿಗೊಳಿಸಿಕೊಳ್ಳುವ, ರಿಪೇರಿ ಮಾಡಿಕೊಳ್ಳುವ, ಕೆಲವೊಮ್ಮೆ ಸೋಲುವ ಶ್ವಾಸನಾಳ ಒಪ್ಪುತ್ತದೆಯೆ? ಗಂಟೆಗಳನ್ನೂ ವರ್ಷಗಳನ್ನೂ ಬೇರೆ ಬೇರೆಯಾಗಿ ಇಟ್ಟುಕೊಂಡು ವಿಶ್ಲೇಷಿಸಿದರೆ ಮಾತ್ರ ತಿಳಿದೀತು. ಗುಣಿಸಿದ ಮೇಲೆ ಆ ಮಾಹಿತಿ ಕಳೆದುಹೋಗುತ್ತದೆ.

ಇನ್ನು ನೆನಪಿನ ದೋಷ. ದಿನಕ್ಕೆ ಎಷ್ಟು ಹೊತ್ತು ಒಲೆ ಮುಂದೆ ಇರುತ್ತೀರಿ ಎಂದರೆ ಉತ್ತರ ಪೂರ್ಣಾಂಕದಲ್ಲಿ ಬರುತ್ತದೆ: ಎರಡು, ಮೂರು. ಎರಡೂ ಕಾಲು ಎಂದವರನ್ನು ನಾನು ಕಂಡಿಲ್ಲ. ಒಬ್ಬಾಕೆಯ ಉತ್ತರ 3 ಗಂಟೆ, ಅದರಲ್ಲಿ 1 ಗಂಟೆಯಷ್ಟು ಅನಿಶ್ಚಿತತೆ. 25 ವರ್ಷ, ಅದರಲ್ಲಿ 3 ವರ್ಷದಷ್ಟು ಅನಿಶ್ಚಿತತೆ ಎಂದಿಟ್ಟುಕೊಳ್ಳಿ. ಪ್ರಥಮ ವರ್ಷದ ವಿದ್ಯಾರ್ಥಿಯೂ ಮಾಡಬಲ್ಲ ಲೆಕ್ಕ: ಗುಣಲಬ್ಧ 75, ಅನಿಶ್ಚಿತತೆ ಸುಮಾರು 27. ಅಂದರೆ ಆಕೆ 48ರಲ್ಲೂ ಇರಬಹುದು, 102ರಲ್ಲೂ ಇರಬಹುದು. ಅವಳು ಗೆರೆಯ ಯಾವ ಕಡೆ ಇದ್ದಾಳೆ? ಇಂಥ ದೋಷಗಳು ರೋಗಿ, ನಿರೋಗಿ ಇಬ್ಬರಲ್ಲೂ ಒಂದೇ ರೀತಿ ಹರಡಿದ್ದರೆ ಸಾಮಾನ್ಯವಾಗಿ ಹೊಗೆಗೂ ರೋಗಕ್ಕೂ ಇರುವ ನಂಟು ಇರುವುದಕ್ಕಿಂತ ದುರ್ಬಲವಾಗಿ ಕಾಣುತ್ತದೆ. ಒಲೆಯ ಪರವಾಗಿ ವಾದಿಸುವವರಿಗೆ ಇದರಿಂದ ಸಮಾಧಾನ ಸಿಗುವಂತಿಲ್ಲ. ನಿಜವಾದ ಹಾನಿ ಪ್ರಬಂಧ ಹೇಳಿದ್ದಕ್ಕಿಂತ ಹೆಚ್ಚಿರಬಹುದು.

ಯಾರ ಹೊಸ್ತಿಲು?

ನನ್ನ ಮುಖ್ಯ ತಕರಾರು ಪ್ರಬಂಧದ ಶೀರ್ಷಿಕೆಯಲ್ಲೇ ಇರುವ ‘ಹೊಸ್ತಿಲು’ ಎಂಬ ಪರಿಕಲ್ಪನೆಯ ಬಗ್ಗೆ.

ಹೊಸ್ತಿಲು ಎಂದೊಡನೆ ನಮಗೆ ನೆನಪಾಗುವುದು ದ್ಯುತಿವಿದ್ಯುತ್ ಪರಿಣಾಮ. ಲೋಹದ ಮೇಲೆ ಬೀಳುವ ಬೆಳಕಿನ ಆವೃತ್ತಿ ಹೊಸ್ತಿಲು ಆವೃತ್ತಿಗಿಂತ ಕಡಿಮೆಯಿದ್ದರೆ, ಎಷ್ಟೇ ಪ್ರಖರವಾದ ಸಾಧಾರಣ ದೀಪ ಹಚ್ಚಿದರೂ ಇಲೆಕ್ಟ್ರಾನು ಹೊರಬರುವುದಿಲ್ಲ. ಆ ಗಡಿ ಲೋಹದ ಗುಣ. ಮೈಸೂರಿನಲ್ಲಿ ಅಳೆದರೂ ಮ್ಯೂನಿಕ್‌ನಲ್ಲಿ ಅಳೆದರೂ, ಹತ್ತು ಸಲ ಅಳೆದರೂ ಸಾವಿರ ಸಲ ಅಳೆದರೂ ಅದು ಅಲ್ಲೇ ಇರುತ್ತದೆ.

ಅರವತ್ತು ಅಂಥ ಗಡಿಯಲ್ಲ. ಪ್ರಬಂಧ ಹೇಳುವುದು ಅಲ್ಲಿಂದಾಚೆ ಅಪಾಯ ‘ಗಣನೀಯ’ ಎಂದು. ಸಂಖ್ಯಾಶಾಸ್ತ್ರದಲ್ಲಿ ಆ ಪದಕ್ಕೆ ಇರುವ ಅರ್ಥ, ಕಂಡ ವ್ಯತ್ಯಾಸ ಬರಿಯ ಆಕಸ್ಮಿಕದಿಂದ ಬಂದಿರುವ ಸಂಭವ ಕಡಿಮೆ ಎಂಬುದು ಮಾತ್ರ. ಗೈಗರ್ ಗಣಕದ ಉದಾಹರಣೆಯಿಂದ ಇದನ್ನು ವಿವರಿಸಬಹುದು. ಎಣಿಕೆ N ಬಂದರೆ ಅದರ ಏರಿಳಿತ ಸುಮಾರು N ವರ್ಗಮೂಲದಷ್ಟು ಎಂಬುದು ನಮಗೆಲ್ಲ ಗೊತ್ತು. ಈಗ ಹೊಗೆಯಿಲ್ಲದ ಮನೆಗಳಲ್ಲಿ ಶೇಕಡಾ 4, ಸ್ವಲ್ಪ ಹೊಗೆಯ ಮನೆಗಳಲ್ಲಿ ಶೇಕಡಾ 6 ಹೆಂಗಸರಿಗೆ ಕಾಯಿಲೆ ಇದೆ ಎಂದು ಭಾವಿಸೋಣ (ಇದು ನನ್ನ ಕಲ್ಪಿತ ಉದಾಹರಣೆ, ಪ್ರಬಂಧದ ಅಂಕಿಯಲ್ಲ). ಒಂದೊಂದು ಗುಂಪಿನಲ್ಲಿ 200 ಮಂದಿಯನ್ನು ನೋಡಿದರೆ 8 ಮತ್ತು 12 ರೋಗಿಗಳು ಸಿಗುತ್ತಾರೆ. ವ್ಯತ್ಯಾಸ 4, ಅದರ ಏರಿಳಿತ 20ರ ವರ್ಗಮೂಲ, ಅಂದರೆ ಸುಮಾರು 4.5. ‘ಗಣನೀಯವಲ್ಲ’ ಎಂದು ಬರೆಯುತ್ತೇವೆ. ಗುಂಪಿಗೆ 2000 ಮಂದಿಯಂತೆ ನೋಡಿದರೆ 80 ಮತ್ತು 120. ವ್ಯತ್ಯಾಸ 40, ಏರಿಳಿತ ಸುಮಾರು 14. ಈಗ ‘ಗಣನೀಯ’! ಹೊಗೆಯೂ ಅದೇ, ಶ್ವಾಸಕೋಶವೂ ಅದೇ, ಬದಲಾದದ್ದು ನಾವು ಮಾತಾಡಿಸಿದ ಹೆಂಗಸರ ಸಂಖ್ಯೆ. ಹಾಗಾದರೆ ಮಾದರಿ ದೊಡ್ಡದಾದಷ್ಟೂ ಹೊಸ್ತಿಲು ಕೆಳಗಿಳಿಯಬಹುದು. ಅರವತ್ತರ ಕೆಳಗೆ ಹಾನಿಯಿಲ್ಲ ಎಂಬುದೂ, ಅರವತ್ತರ ಕೆಳಗಿನ ಹಾನಿ ಈ ಮಾದರಿಯಲ್ಲಿ ಸ್ಪಷ್ಟವಾಗಿ ಕಾಣಲಿಲ್ಲ ಎಂಬುದೂ ಬೇರೆ ಬೇರೆ ಮಾತುಗಳು. ಸಂಶೋಧಕರಿಗೆ ಇದು ತಿಳಿಯದ್ದೇನಲ್ಲ. ಆದರೆ ‘ಹೊಸ್ತಿಲು’ ಎಂಬ ಒಂದು ಪದ ಪ್ರಬಂಧದಿಂದ ಹೊರಟು ಶಿಕ್ಷಕಿಯ ಚೀಟಿಗೆ ಬರುವಷ್ಟರಲ್ಲಿ ‘ಕ್ಷೇಮದ ಮಿತಿ’ ಆಗಿಬಿಟ್ಟಿತ್ತು.

ವಯಸ್ಸಿನ ತೊಡಕೂ ಇಲ್ಲಿ ಸೇರಿಕೊಳ್ಳುತ್ತದೆ. ಹದಿನೈದನೆಯ ವಯಸ್ಸಿಗೆ ಒಲೆ ಮುಂದೆ ಕೂತ ಹುಡುಗಿ ದಿನಕ್ಕೆ 3 ಗಂಟೆಯಂತೆ ಅಡುಗೆ ಮಾಡಿದರೆ ಮೂವತ್ತಕ್ಕೆ ಅವಳ ಸೂಚ್ಯಂಕ 45. ಅರವತ್ತು ಮುಟ್ಟುವುದು ಮೂವತ್ತೈದಕ್ಕೆ. ಆದುದರಿಂದ ಅರವತ್ತರ ಕೆಳಗಿನ ಗುಂಪಿನಲ್ಲಿ ಚಿಕ್ಕ ವಯಸ್ಸಿನವರೇ ಹೆಚ್ಚು ಇರುವುದು ಸಹಜ. ಇದು ನಿಧಾನವಾಗಿ ತಲೆದೋರುವ ಕಾಯಿಲೆ. ಅವರಿಗೆ ಇನ್ನೂ ಬಂದಿಲ್ಲ ಅಷ್ಟೆ. ವಯಸ್ಸಿನ ಪ್ರಭಾವವನ್ನು ಗಣಿತದಿಂದ ಬೇರ್ಪಡಿಸುವ ವಿಧಾನಗಳಿವೆ. ಆದರೆ ವರ್ಷವೆಂಬುದು ಸೂಚ್ಯಂಕದ ಒಳಗೇ ಕೂತಿರುವಾಗ ಎರಡನ್ನೂ ಪೂರ್ತಿ ಬಿಡಿಸುವುದು ಸುಲಭವಲ್ಲ. ಜತೆಗೆ ಈ ಸೂಚ್ಯಂಕ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಇವತ್ತು 58 ಇದ್ದವರು ದಿನಕ್ಕೆ ಎರಡು ಗಂಟೆಯಂತೆ ಒಲೆ ಮುಂದೆ ಕೂತರೆ ಬರುವ ವರ್ಷವೇ 60.

ಕಾಯಿಲೆಯ ಹೆಸರಿನ ಬಗ್ಗೆಯೂ ಒಂದು ಮಾತು. ದೀರ್ಘಕಾಲೀನ ಬ್ರಾಂಕೈಟಿಸ್ ಎಂದರೆ ಸತತ ಎರಡು ವರ್ಷ, ಪ್ರತಿ ವರ್ಷವೂ ಕನಿಷ್ಠ ಮೂರು ತಿಂಗಳು ಕಫದೊಡನೆ ಕೆಮ್ಮಿರುವುದು. ಇದು ಪೂರ್ತಿಯಾಗಿ ರೋಗಿ ಹೇಳುವುದನ್ನು ಅವಲಂಬಿಸಿದ ವ್ಯಾಖ್ಯೆ. ಗುರುತಿಲ್ಲದವರು ಮನೆಗೆ ಬಂದು ಕಫ ಬರುತ್ತದೆಯೆ ಎಂದು ಕೇಳಿದರೆ ನಮ್ಮ ಹಳ್ಳಿಯ ಹೆಂಗಸರಲ್ಲಿ ಎಷ್ಟು ಮಂದಿ ಹೌದೆಂದಾರು? ಶ್ವಾಸನಾಳ ಕಿರಿದಾಗಿರುವುದನ್ನು ಅಳೆಯಲು ಬೇರೆಯೇ ಪರೀಕ್ಷೆ ಬೇಕು. ಜಾನ್ ಹಚಿನ್ಸನ್ 1846ರಲ್ಲಿ ಪರಿಚಯಿಸಿದ ಸ್ಪೈರೊಮೀಟರಿನ ಇಂದಿನ ರೂಪದಲ್ಲಿ, ಪೂರ್ತಿ ಉಸಿರೆಳೆದು ರಭಸದಿಂದ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬಿದ್ದ ಗಾಳಿಗೂ ಒಟ್ಟು ಗಾಳಿಗೂ ಇರುವ ಅನುಪಾತವನ್ನು ನೋಡುತ್ತಾರೆ. ಶ್ವಾಸನಾಳ ಅಗಲಿಸುವ ಔಷಧ ಕೊಟ್ಟ ಮೇಲೂ ಅದು 0.70ಕ್ಕಿಂತ ಕಡಿಮೆಯಿದ್ದರೆ ಅಡಚಣೆ ಇದೆ ಎಂದರ್ಥ. ಕಫವಿಲ್ಲದೆಯೂ ಅಡಚಣೆ ಇರಬಹುದು, ಕಫವಿದ್ದೂ ಅಡಚಣೆ ಇಲ್ಲದಿರಬಹುದು. ಆದುದರಿಂದ ಕೆಮ್ಮು-ಕಫಕ್ಕೆ ಹೇಳಿದ ಅರವತ್ತನ್ನು ಉಬ್ಬಸಕ್ಕೋ ಶ್ವಾಸಕೋಶದ ಎಲ್ಲ ಕಾಯಿಲೆಗಳಿಗೋ ಅನ್ವಯಿಸುವಂತಿಲ್ಲ. ಕಣ್ಣು, ಹೃದಯ, ಗರ್ಭದ ಮಗು ಇವುಗಳ ಮಾತಂತೂ ಬೇರೆಯೇ.

ಇಷ್ಟೆಲ್ಲ ಹೇಳಿಯೂ, ಇಂಥ ಅಂಕಿಯೊಂದು ಇಲ್ಲದಿದ್ದಕ್ಕಿಂತ ಇರುವುದೇ ಮೇಲು ಎಂದು ನನ್ನ ಅಭಿಪ್ರಾಯ. ಸ್ಪೈರೊಮೀಟರ್ ಇಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಯಾರನ್ನು ಮೊದಲು ಮೈಸೂರಿಗೆ ಕಳಿಸಬೇಕು ಎಂದು ನಿರ್ಧರಿಸಲು ಎರಡು ಪ್ರಶ್ನೆ, ಒಂದು ಗುಣಾಕಾರ ಸಾಕಾಗುತ್ತದೆ. ಅರವತ್ತು ದಾಟಿದವರನ್ನು ಕಳಿಸಿ ಎಂಬುದಕ್ಕೆ ಈ ಪ್ರಬಂಧ ಆಧಾರ ಕೊಡುತ್ತದೆ. ದಾಟದವರನ್ನು ಕಳಿಸಬೇಡಿ ಎಂಬುದಕ್ಕೆ ಕೊಡುವುದಿಲ್ಲ. ಮುಂದಿನ ಪ್ರಬಂಧಗಳಲ್ಲಿ ಗೆರೆಯೊಂದನ್ನು ಎಳೆಯುವ ಬದಲು 20ರಿಂದ 40, 40ರಿಂದ 60 ಹೀಗೆ ಪ್ರತಿ ಪಟ್ಟಿಯ ಅಪಾಯವನ್ನೂ ಅದರ ಅನಿಶ್ಚಿತತೆಯೊಡನೆ ನಕ್ಷೆಯಾಗಿ ಕೊಟ್ಟರೆ ಓದುವವರು ತಾವೇ ನೋಡಿಕೊಳ್ಳಬಹುದು. ಕೆಲವು ಮನೆಗಳಲ್ಲಾದರೂ ಕಣಮಾಪಕ ಇಟ್ಟು ಗಂಟೆ-ವರ್ಷಕ್ಕೂ ನಿಜವಾದ ಹೊಗೆಗೂ ಇರುವ ಸಂಬಂಧವನ್ನು ಅಳೆಯಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದಿಂದ ಬಂದ, ಹೊಗೆ ಕೊಳವೆಯ ಅಸ್ತ್ರ ಒಲೆಯನ್ನು ಹಾಕಿಸಿಕೊಂಡ ಮನೆಗಳು ನಮ್ಮ ರಾಜ್ಯದಲ್ಲಿವೆ. 2016ರ ಉಜ್ವಲ ಯೋಜನೆಯ ಮೇಲೆ ಸಿಲಿಂಡರ್ ಬಂದೂ ಸೌದೆ ಬಿಡದ ಮನೆಗಳಿವೆ. ಇವರ ಗಂಟೆಯನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು ಎಂಬುದನ್ನೂ ಯೋಚಿಸಬೇಕಾಗಿದೆ. ‘ಮುದ್ರಾ’ದಂಥ ಅಧ್ಯಯನದಲ್ಲಿ ಅದೇ ಜನರನ್ನು ಮತ್ತೆ ಮತ್ತೆ ನೋಡಿದರೆ ವಯಸ್ಸಿನ ತೊಡಕೂ ಸ್ವಲ್ಪ ಬಿಡಿಸಿಕೊಂಡೀತು.

ಅಂದು ಶಿಕ್ಷಕಿಗೆ ಇಷ್ಟು ಉದ್ದ ಹೇಳಲು ಸಮಯವಿರಲಿಲ್ಲ. “ನಿಮ್ಮವ್ವನಿಗೆ ಕೆಮ್ಮು, ದಮ್ಮು ಇದ್ದರೆ ಸಂಖ್ಯೆ ನೋಡಬೇಡಿ, ಊದಿಸುವ ಪರೀಕ್ಷೆ ಮಾಡಿಸಿ. ಒಂದು ವಾರ ಗಡಿಯಾರ ಹಿಡಿದು ಅಳೆದು ನನಗೂ ತಿಳಿಸಿ” ಎಂದಷ್ಟೇ ಹೇಳಿದ್ದೆ. ಮೂರು ವಾರದ ನಂತರ ಅವರು ಫೋನ್ ಮಾಡಿದರು. ಅಡುಗೆಗೆ ದಿನಕ್ಕೆ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತಿತ್ತಂತೆ. ಬೆಳಗಿನ ಜಾವ ಮನೆಮಂದಿಗೆಲ್ಲ ನೀರು ಕಾಯಿಸುವ ಹಂಡೆ ಒಲೆಯನ್ನು ಅವ್ವ ಲೆಕ್ಕಕ್ಕೇ ಹಿಡಿದಿರಲಿಲ್ಲ. ಅದು ಅವರ ಪ್ರಕಾರ ‘ಅಡುಗೆ’ಯಲ್ಲ. ಎಲ್ಲ ಸೇರಿ ವಾರದ ಸರಾಸರಿ ಮೂರೂ ಕಾಲು ಗಂಟೆ. ವರ್ಷವನ್ನು ಮದುವೆಯಿಂದ ಎಣಿಸಿದ್ದರು. ಆದರೆ ಅವ್ವ ತವರಿನಲ್ಲಿ ಹನ್ನೆರಡನೆಯ ವಯಸ್ಸಿಗೇ ಒಲೆ ಹಚ್ಚುತ್ತಿದ್ದರಂತೆ. ಆಗಲೂ ಇಷ್ಟೇ ಹೊತ್ತು ಎಂದು ಹಿಡಿದರೆ (ಹಿಡಿಯಬಹುದೋ ಇಲ್ಲವೋ ಹೇಳಲಾರೆ) ಒಟ್ಟು ಮೂವತ್ತಾರು ವರ್ಷ. “ನೂರ ಹದಿನೇಳು ಬಂತು ಸಾರ್” ಎಂದರು. ಪರೀಕ್ಷೆ ಮಾಡಿಸಿದಿರಾ ಎಂದು ಕೇಳಿದೆ. ಭತ್ತದ ಕೊಯ್ಲು ಮುಗಿಯುವ ತನಕ ಅವ್ವ ಮೈಸೂರಿಗೆ ಬರಲು ಒಪ್ಪುತ್ತಿಲ್ಲ ಎಂದರು.